ಮುರಿದ ಮೂಳೆಯ ಪಂಚಾಂಗ

ಆಟದ ಅಂಕಿಸಂಖ್ಯೆಗಳೆಲ್ಲ ಮರೆತುಹೋದ ಮೇಲೂ ಕೆಲವು ಚಿತ್ರಗಳು ಜನಮನದಲ್ಲಿ ಉಳಿದುಬಿಡುತ್ತವೆ. 2002ನೆಯ ಇಸವಿಯ ಮೇ ತಿಂಗಳಿನಲ್ಲಿ ವೆಸ್ಟ್ ಇಂಡೀಸಿನ ಆಂಟಿಗಾದಲ್ಲಿ ನಡೆದ ಟೆಸ್ಟ್ ಪಂದ್ಯದ್ದು ಅಂಥದೊಂದು ಚಿತ್ರ. ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರು ದಾಂಡು ಹಿಡಿದು ನಿಂತಿದ್ದಾಗ ಮರ್ವಿನ್ ಡಿಲನ್ ಎಸೆದ ಚೆಂಡು ನೆಲದಿಂದ ಪುಟಿದೆದ್ದು ಅವರ ದವಡೆಗೆ ಬಡಿಯಿತು. ದವಡೆಯ ಮೂಳೆ ಮುರಿಯಿತು. ಅಷ್ಟಾದರೂ ಅವರು ತಲೆಯಿಂದ ಗಲ್ಲದವರೆಗೆ ಬಿಳಿಯ ಪಟ್ಟಿ ಸುತ್ತಿಸಿಕೊಂಡು ಮತ್ತೆ ಮೈದಾನಕ್ಕಿಳಿದರು. ಒಂದೇ ಸಮನೆ 14 ಓವರುಗಳನ್ನು ಎಸೆದು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ತೀರ್ಪಿನ ಮೂಲಕ ಹೊರಗೆ ಕಳುಹಿಸಿದರು. ಆ ಬಳಿಕ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ವಿಮಾನ ಹತ್ತಿದರು. ಪಂದ್ಯವೇನೋ ಡ್ರಾ ಆಯಿತು. ಭಾರತ ತಂಡದ ಹನ್ನೊಂದು ಮಂದಿಯೂ, ವಿಕೆಟ್ ಕೀಪರನೂ ಸೇರಿದಂತೆ, ಚೆಂಡೆಸೆದ ವಿಚಿತ್ರ ಪಂದ್ಯ ಅದು. ಆದರೆ ಜನ ನೆನಪಿಟ್ಟುಕೊಂಡದ್ದು ಆ ಬಿಳಿಯ ಪಟ್ಟಿಯನ್ನು ಮಾತ್ರ.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ ಭಾರತ ಇನಿಂಗ್ಸ್ ಅಂತರದಿಂದ ಗೆದ್ದಿತು. ಆ ಪಂದ್ಯದಲ್ಲಿ ಕುಂಬ್ಳೆಯವರು 7 ವಿಕೆಟ್ ಪಡೆದರು. ಆಂಟಿಗಾಕ್ಕೂ ಹೆಡಿಂಗ್ಲೆಗೂ ನಡುವೆ ಮೂರು ತಿಂಗಳು ಕಳೆದಿದ್ದವು. ಆ ನಡುವೆ ಮೂಳೆ ಕೂಡಿಕೊಂಡ ಕಾಲವನ್ನು ಯಾವ ಕ್ಯಾಮರಾವೂ ಚಿತ್ರಿಸಲಿಲ್ಲ. ಚಿತ್ರಿಸುವುದಕ್ಕೆ ಅಲ್ಲಿ ಕಣ್ಣಿಗೆ ಕಾಣುವಂಥದು ಏನೂ ಇರಲಿಲ್ಲ. ಇಂದು ನಾನು ಹೇಳಹೊರಟಿರುವುದು ಆ ಕಾಣದ ಕಾಲದ ಮಾತನ್ನು. ಆಟವನ್ನೇ ವೃತ್ತಿಯಾಗಿ ಉಳ್ಳವರ ಮೂಳೆ ಮುರಿದಾಗ ಒಳಗೆ ಏನು ನಡೆಯುತ್ತದೆ, ಅದಕ್ಕೆ ಎಷ್ಟು ಕಾಲ ಬೇಕು, ಆ ಕಾಲವನ್ನು ಕದಿಯಲು ಹೋದವರಿಗೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ. ಪಂದ್ಯಗಳಿಗೆ ಒಂದು ಪಂಚಾಂಗವಿದೆ; ಅದನ್ನು ಮಂಡಳಿಗಳು, ಸಂಘಗಳು, ದೂರದರ್ಶನದ ಕಂಪೆನಿಗಳು ಕೂಡಿ ಬರೆಯುತ್ತವೆ. ಮೂಳೆಗೂ ತನ್ನದೇ ಆದ ಪಂಚಾಂಗವಿದೆ. ಇವೆರಡೂ ಹೊಂದುವುದು ಅಪರೂಪ.

ನಾವು ಎಲುಬನ್ನು ಕುರಿತು ಕಲ್ಪಿಸಿಕೊಳ್ಳುವಾಗ ಸಾಮಾನ್ಯವಾಗಿ ಒಣಗಿದ ವಸ್ತುವನ್ನು ಕಲ್ಪಿಸಿಕೊಳ್ಳುತ್ತೇವೆ. ಮನೆಯ ತೊಲೆಯಂತೆ, ಕಂಬದಂತೆ, ಮೈಯನ್ನು ಎತ್ತಿ ನಿಲ್ಲಿಸಿರುವ ಒಂದು ಜಡವಾದ ಚೌಕಟ್ಟು ಎಂದು ನಮ್ಮ ಭಾವನೆ. ಎಲುಬನ್ನು ನಾವು ನೋಡುವುದೆಲ್ಲ ಅದರ ಜೀವ ಹೋದ ಮೇಲೆ ಆದ್ದರಿಂದ ಈ ಭಾವನೆ ಸಹಜವೇ. ಬದುಕಿರುವ ಮೂಳೆಯಾದರೋ ಹಸಿಯಾದದ್ದು, ರಕ್ತ ಹರಿಯುವಂಥದು, ನೋವನ್ನು ಅರಿಯುವಂಥದು. ಅದರೊಳಗೆ ಎರಡು ಬಗೆಯ ಜೀವಕೋಶಗಳು ಹಗಲೂ ರಾತ್ರಿ ದುಡಿಯುತ್ತಿರುತ್ತವೆ. ಒಂದು ಗುಂಪು ಹಳೆಯದಾಗಿ ಸವೆದ ಮೂಳೆಯನ್ನು ಕೊರೆದು ತೆಗೆಯುತ್ತದೆ; ಇನ್ನೊಂದು ಗುಂಪು ಆ ಕುಳಿಯಲ್ಲಿ ಹೊಸದನ್ನು ಕಟ್ಟುತ್ತದೆ. ಹೀಗೆ ಬೆಳೆದ ಮನುಷ್ಯನ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಪಾಲು ಪ್ರತಿವರ್ಷ ಹೊಸದಾಗುತ್ತದೆ.

ಈ ಕಾರ್ಮಿಕರಿಗೆ ಅಪ್ಪಣೆ ಕೊಡುವವರಾರು? ಹೊರೆ. ಮೂಳೆಯ ಮೇಲೆ ಎಲ್ಲಿ, ಯಾವ ದಿಕ್ಕಿನಲ್ಲಿ ಭಾರ ಬೀಳುತ್ತದೆಯೋ ಅಲ್ಲಿ, ಆ ದಿಕ್ಕಿನಲ್ಲಿ ಅದು ಗಟ್ಟಿಯಾಗುತ್ತದೆ. ಭಾರ ಬೀಳದ ಕಡೆ ಸಡಿಲವಾಗುತ್ತದೆ. ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ಶಸ್ತ್ರವೈದ್ಯ 1892ರಲ್ಲಿ ಇದನ್ನೊಂದು ನಿಯಮವಾಗಿ ಬರೆದಿಟ್ಟ. ಟೆನಿಸ್ ಆಟಗಾರರ ಎರಡು ತೋಳುಗಳನ್ನು ಹೋಲಿಸಿ ನೋಡಿದವರು, ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯ ಹೊರಗೋಡೆ ಇನ್ನೊಂದರದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ದಪ್ಪವಾಗಿರುವುದನ್ನು ಕಂಡರು. ಇದಕ್ಕೆ ವಿರುದ್ಧವಾಗಿ, ಭಾರವೇ ಇಲ್ಲದ ಅಂತರಿಕ್ಷದಲ್ಲಿ ತಿಂಗಳುಗಟ್ಟಲೆ ತೇಲಿ ಬಂದ ಯಾತ್ರಿಗಳು ಸೊಂಟದ, ಕಾಲಿನ ಮೂಳೆಗಳ ಸಾರವನ್ನು ಕಳೆದುಕೊಂಡು ಬರುತ್ತಾರೆ. ಆದುದರಿಂದ ಮೂಳೆಯ ವಿಷಯದಲ್ಲಿ ದುಡಿಮೆಯೂ ಬೇಕು, ವಿಶ್ರಾಂತಿಯೂ ಬೇಕು. ಎಷ್ಟು ದುಡಿಮೆ, ಎಷ್ಟು ವಿಶ್ರಾಂತಿ ಎಂಬುದರಲ್ಲಿಯೇ ಎಲ್ಲ ಇಕ್ಕಟ್ಟೂ ಅಡಗಿರುವುದು.

ಈಗ ಮೂಳೆ ಮುರಿದಿದೆ ಎಂದಿಟ್ಟುಕೊಳ್ಳೋಣ. ಮುರಿದೊಡನೆ ಅಲ್ಲಿಯ ರಕ್ತನಾಳಗಳು ಹರಿದು, ಸುರಿದ ರಕ್ತ ಹೆಪ್ಪುಗಟ್ಟುತ್ತದೆ. ನಾವು ಹಾನಿಯೆಂದು ತಿಳಿಯುವ ಈ ಹೆಪ್ಪೇ ಮುಂದಿನ ಕಟ್ಟಡದ ತಳಪಾಯ. ಮೊದಲ ಕೆಲವು ದಿನಗಳ ಊತ, ಬಿಸಿ, ನೋವು, ಇವು ದೇಹ ತನ್ನ ಕೆಲಸಗಾರರನ್ನು ಅಲ್ಲಿಗೆ ಕರೆಸಿಕೊಳ್ಳುತ್ತಿರುವುದರ ಸದ್ದುಗದ್ದಲ. ಎರಡು ಮೂರು ವಾರಗಳಲ್ಲಿ ಮುರಿದ ಎರಡು ತುದಿಗಳ ನಡುವೆ, ಕಿವಿಯ ಹಾಲೆಯಂತೆ ಬಾಗುವ ಮೃದ್ವಸ್ಥಿಯ ಗಂಟೊಂದು ಬೆಳೆಯುತ್ತದೆ. ಆಮೇಲೆ ಸುಣ್ಣದ ಅಂಶ ಅದರಲ್ಲಿ ಸೇರಿ ಗಂಟು ಗಟ್ಟಿಯಾಗುತ್ತದೆ. ಇದಕ್ಕೆ ಆರರಿಂದ ಹನ್ನೆರಡು ವಾರ. ಅದಾದ ಮೇಲೂ ಕೆಲಸ ಮುಗಿಯಲಿಲ್ಲ. ಒರಟೊರಟಾಗಿ ಕಟ್ಟಿದ ಆ ಗಂಟನ್ನು ಕೆತ್ತಿ, ಸವರಿ, ಭಾರ ಬೀಳುವ ದಿಕ್ಕಿಗೆ ಎಳೆಗಳನ್ನು ಜೋಡಿಸಿ, ಮೊದಲಿನ ಆಕಾರಕ್ಕೆ ತರುವ ಕೆಲಸ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಚರ್ಮ ಹರಿದರೆ ಕಲೆ ಉಳಿಯುತ್ತದೆ, ಸ್ನಾಯು ಹರಿದರೂ ಕಲೆ ಉಳಿಯುತ್ತದೆ. ಚೆನ್ನಾಗಿ ಕೂಡಿದ ಮೂಳೆಯಲ್ಲಿ ಕಲೆಯಿಲ್ಲ, ತೇಪೆಯಿಲ್ಲ, ಮೊದಲಿದ್ದ ಮೂಳೆಯೇ ಮತ್ತೆ ಹುಟ್ಟಿರುತ್ತದೆ.

ಮನೆ ಕಟ್ಟಿಸಿದವರಿಗೆ ಈ ಹಂತಗಳು ಅಪರಿಚಿತವಲ್ಲ. ತಾರಸಿ ಹಾಕಿದ ಮರುದಿನವೇ ಕಾಂಕ್ರೀಟು ಗಟ್ಟಿಯಾದಂತೆ ತೋರುತ್ತದೆ, ಮೇಲೆ ನಡೆದಾಡಬಹುದು. ಆದರೂ ಮೇಸ್ತ್ರಿ ಕೆಳಗಿನ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಲು ಬಿಡುವುದಿಲ್ಲ. ದಿನವೂ ನೀರು ಕಟ್ಟಿಸುತ್ತಾನೆ, ದಿನ ಎಣಿಸುತ್ತಾನೆ. ಯಜಮಾನನಿಗೆ ಗೃಹಪ್ರವೇಶದ ಮುಹೂರ್ತದ ಆತುರ. ಮುರಿದ ಮೂಳೆಗೆ ಕಟ್ಟುವ ಪ್ಲಾಸ್ಟರ್ ಪಟ್ಟಿ, ಒಳಗೆ ತಿರುಪು ಹಾಕಿ ಕೂಡಿಸುವ ಲೋಹದ ತಗಡು, ಮೂಳೆಯ ಪೊಳ್ಳಿನಲ್ಲಿ ತೂರಿಸುವ ಸರಳು, ಇವೆಲ್ಲ ಆ ಸೆಂಟ್ರಿಂಗ್ ಹಲಗೆಗಳೇ ಹೊರತು ಬೇರೆಯಲ್ಲ. ಇವು ಮೂಳೆಯನ್ನು ಕೂಡಿಸುವುದಿಲ್ಲ, ಕೂಡಿಕೊಳ್ಳುವವರೆಗೆ ಅದನ್ನು ನೇರವಾಗಿ ಹಿಡಿದಿರುತ್ತವೆ.

ಹಿಡಿದಿಡುವ ಈ ವಿದ್ಯೆ ಬಹಳ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿಯುವ ಹನ್ನೆರಡು ಬಗೆಗಳನ್ನೂ ಕೀಲು ತಪ್ಪುವ ಆರು ಬಗೆಗಳನ್ನೂ ಬೇರೆ ಬೇರೆಯಾಗಿ ಹೆಸರಿಸಲಾಗಿದೆ. ಅತ್ತಿ, ಅರಳಿ, ಆಲ, ಮುತ್ತುಗಗಳ ತೊಗಟೆಯನ್ನೂ ಬಿದಿರಿನ ಸೀಳನ್ನೂ ಇಟ್ಟು ಕಟ್ಟುವ ಕ್ರಮವನ್ನು ಹೇಳಲಾಗಿದೆ. ಕಟ್ಟು ಬಿಗಿಯಾದರೂ ಕೇಡು, ಸಡಿಲವಾದರೂ ಕೇಡು ಎಂಬ ಎಚ್ಚರಿಕೆ ಅಲ್ಲಿಯೇ ಇದೆ. ನಮ್ಮ ಕಡೆಯ ಎಷ್ಟೋ ಮಂದಿ ಇಂದಿಗೂ ಆಂಧ್ರದ ಪುತ್ತೂರಿಗೆ ಕಟ್ಟು ಕಟ್ಟಿಸಿಕೊಳ್ಳಲು ಹೋಗಿಬರುವುದುಂಟು. ಇಂದಿನ ಆಸ್ಪತ್ರೆಗಳ ಪ್ಲಾಸ್ಟರ್ ಪಟ್ಟಿ ಹಾಲೆಂಡಿನ ಸೈನಿಕ ವೈದ್ಯ ಆಂಟೋನಿಯಸ್ ಮತೈಸೆನ್ 1850ರ ದಶಕದ ಮೊದಲಲ್ಲಿ ರೂಢಿಗೆ ತಂದದ್ದು. ಮೂಳೆಯೊಳಗೆ ಸರಳು ತೂರಿಸುವ ಕ್ರಮ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಎಂಬಾತನದು. ಎರಡನೆಯ ಮಹಾಯುದ್ಧದ ಆರಂಭದ ಕಾಲದ್ದು. ಜರ್ಮನಿಯಲ್ಲಿ ಸೆರೆಯಾಗಿದ್ದು ಮರಳಿದ ಸೈನಿಕರ ತೊಡೆಯ ಕ್ಷ-ಕಿರಣ ಚಿತ್ರದಲ್ಲಿ ಉದ್ದನೆಯ ಸರಳನ್ನು ಕಂಡು ಎದುರು ಪಕ್ಷದ ವೈದ್ಯರು ಬೆರಗಾದರಂತೆ. ಈ ಸರಳಿನ ದೊಡ್ಡ ಉಪಕಾರವೆಂದರೆ ರೋಗಿ ಹಾಸಿಗೆ ಬಿಟ್ಟು ಬೇಗ ಎದ್ದು ನಡೆಯುವಂತಾದದ್ದು. ಇಂದಿನ ಆಟಗಾರರು ಕಾಲು ಮುರಿದ ಮೇಲೂ ಮತ್ತೆ ಮೈದಾನ ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಒಂದೇ ಮೈಯಲ್ಲಿರುವ ಮೂಳೆಗಳಿಗೂ ಪಂಚಾಂಗ ಒಂದೇ ಅಲ್ಲ. ದವಡೆಗೆ ರಕ್ತದ ಸರಬರಾಜು ಧಾರಾಳ. ದೇಹದ ಭಾರ ಅದರ ಮೇಲೆ ಬೀಳುವುದೂ ಇಲ್ಲ. ಹೀಗಾಗಿ ಅದು ಸುಮಾರು ಆರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೊಳಕಾಲಿನ ಕೆಳಗಿನ ದಪ್ಪ ಮೂಳೆಯ ಸ್ಥಿತಿ ಬೇರೆ: ಮುಂಭಾಗದಲ್ಲಿ ಬರಿಯ ಚರ್ಮದ ಹೊದಿಕೆ, ಮೇಲೆ ಇಡೀ ದೇಹದ ಭಾರ. ಅದಕ್ಕೆ ನಾಲ್ಕು ತಿಂಗಳೂ ಹಿಡಿಯಬಹುದು, ಹೆಚ್ಚೂ ಹಿಡಿಯಬಹುದು. ಮಣಿಕಟ್ಟಿನಲ್ಲಿ ದೋಣಿಯಾಕಾರದ ಚಿಕ್ಕ ಮೂಳೆಯೊಂದಿದೆ. ಅದರ ರಕ್ತನಾಳಗಳು ಹಿಂದುಮುಂದಾಗಿ, ದೂರದ ತುದಿಯಿಂದ ಒಳಬರುತ್ತವೆ. ನಡುವೆ ಮುರಿಯಿತೆಂದರೆ ಹತ್ತಿರದ ತುಂಡಿಗೆ ರಕ್ತವೇ ತಪ್ಪಿಹೋಗುತ್ತದೆ. ಕೈ ಊರಿ ಬಿದ್ದ ಆಟಗಾರ ಉಳುಕಿತೆಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಾಗುವುದು ಹೆಚ್ಚಾಗಿ ಇದರ ವಿಷಯದಲ್ಲಿಯೇ.

ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿಗೆ ಸೇರಿದ ಉದ್ದನೆಯ ಮೂಳೆಯ ಬುಡವೂ ಇಂಥದೇ ಒಂದು ಬಡ ಜಾಗ. ಅಲ್ಲಿಯ ಮುರಿತಕ್ಕೆ ಜೋನ್ಸ್ ಮುರಿತ ಎಂದು ಹೆಸರು. ಇದರ ಹಿನ್ನೆಲೆ ಸ್ವಾರಸ್ಯವಾಗಿದೆ. ಲಿವರ್‌ಪೂಲಿನ ಹೆಸರಾಂತ ಶಸ್ತ್ರವೈದ್ಯ ಸರ್ ರಾಬರ್ಟ್ ಜೋನ್ಸ್ ಒಮ್ಮೆ ನೃತ್ಯ ಮಾಡುತ್ತಿದ್ದಾಗ ಪಾದವನ್ನು ಓರೆಯಾಗಿ ಊರಿ ತಮ್ಮದೇ ಮೂಳೆ ಮುರಿದುಕೊಂಡರು. ಅದನ್ನೇ ಅಭ್ಯಾಸ ಮಾಡಿ 1902ರಲ್ಲಿ ಪ್ರಬಂಧ ಬರೆದರು. ಇಂದು ಕಾಲ್ಚೆಂಡಿನ, ಬ್ಯಾಸ್ಕೆಟ್‌ಬಾಲಿನ ವೃತ್ತಿಪರರನ್ನು ಈ ಮುರಿತ ಬಹುವಾಗಿ ಕಾಡುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ 2013-14ರ ಸಾಲಿನ ಸರ್ವಶ್ರೇಷ್ಠ ಆಟಗಾರನೆನಿಸಿದ್ದ ಕೆವಿನ್ ಡುರಾಂಟ್‌ಗೆ 2014ರ ಅಕ್ಟೋಬರಿನಲ್ಲಿ ಇದೇ ಮೂಳೆ ಮುರಿಯಿತು. ತಿರುಪು ಹಾಕಿದರು, ಡಿಸೆಂಬರ್ ಮೊದಲ ವಾರದಲ್ಲಿಯೇ ಆತ ಮತ್ತೆ ಆಡಿದ. ಫೆಬ್ರುವರಿಯಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ, ಮಾರ್ಚ್ ಕೊನೆಗೆ ಮೂರನೆಯದು. ಮೂರನೆಯ ಸಲ ಬೇರೆ ಮೂಳೆಯ ಚೂರನ್ನು ಆ ಜಾಗಕ್ಕೆ ನಾಟಿ ಮಾಡಬೇಕಾಯಿತು; ಆ ಸಾಲಿನ ಉಳಿದ ಆಟವೆಲ್ಲ ಹೋಯಿತು. ಆತನ ವೈದ್ಯರು ಅಜಾಗರೂಕರಾಗಿದ್ದರೆಂದು ನಾನು ಹೇಳುತ್ತಿಲ್ಲ. ಆರೇಳು ವಾರ ಎಂಬುದು ಹೆಚ್ಚಿನವರಿಗೆ ಸಾಕಾಗುವ ಕಾಲ. ಆತನ ಮೂಳೆಗೆ ಸಾಕಾಗಲಿಲ್ಲ. ವಾರಗಳ ಲೆಕ್ಕ ನೂರಾರು ರೋಗಿಗಳ ಸರಾಸರಿ, ಮೂಳೆಯಾದರೋ ಒಬ್ಬನದು.

ಇಷ್ಟರವರೆಗೆ ಹೇಳಿದ್ದು ಬಹುಮಟ್ಟಿಗೆ ಒಂದು ಕ್ಷಣದಲ್ಲಿ ಘಟಿಸುವ ಮುರಿತಗಳ ವಿಷಯ. ಸದ್ದು ಕೇಳುತ್ತದೆ, ಆಟಗಾರ ಬೀಳುತ್ತಾನೆ, ಆಟ ನಿಲ್ಲುತ್ತದೆ. ಇದಕ್ಕಿಂತ ಕಪಟಿಯಾದ ಇನ್ನೊಂದು ಜಾತಿಯಿದೆ. ಅದು ಒಂದು ದಿನದಲ್ಲಿ ಆಗುವುದಲ್ಲ, ಯಾವ ಪೆಟ್ಟಿನಿಂದಲೂ ಆಗುವುದಲ್ಲ. 1855ರಲ್ಲಿ ಪ್ರಷ್ಯದ ಸೈನಿಕ ವೈದ್ಯ ಬ್ರೈಟ್‌ಹಾಪ್ಟ್, ದೂರದ ನಡಿಗೆಯಿಂದ ಬಂದ ಸಿಪಾಯಿಗಳ ಪಾದಗಳು ಊದಿಕೊಂಡು ನೋಯುವುದನ್ನು ಮೊದಲು ವರ್ಣಿಸಿದ. ಕಾರಣ ಆತನಿಗೆ ತಿಳಿಯಲಿಲ್ಲ. ರಂಟ್‌ಜನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಮೇಲಷ್ಟೇ ಆ ಪಾದಗಳಲ್ಲಿ ಕೂದಲೆಳೆಯಂಥ ಬಿರುಕಿದೆಯೆಂಬುದು ಬೆಳಕಿಗೆ ಬಂತು. ಇಂದು ಇದನ್ನೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ನಾವು ದಣಿವಿನ ಬಿರುಕು ಎನ್ನೋಣ.

ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ ಇದು ಆಗುತ್ತದೆಂದು ಹೇಳುವುದುಂಟು. ಹೋಲಿಕೆ ಅರ್ಧ ಸರಿ. ತಂತಿ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳಲಾರದು, ಮೂಳೆ ಮಾಡಿಕೊಳ್ಳಬಲ್ಲುದು. ತೊಂದರೆ ಹುಟ್ಟುವುದು ದುರಸ್ತಿಯ ವೇಗದಲ್ಲಿ. ಹೊಸದಾಗಿ ಹೊರೆ ಬಿದ್ದಾಗ ಮೊದಲು ಕೊರೆಯುವ ಗುಂಪು ಬರುತ್ತದೆ. ಅದರ ಕೆಲಸ ಸುಮಾರು ಮೂರು ವಾರದ್ದು. ಹಿಂದಿನಿಂದ ಬರುವ ಕಟ್ಟುವ ಗುಂಪಿಗೆ ಸುಮಾರು ಮೂರು ತಿಂಗಳು ಬೇಕು. ಎಂದರೆ, ಕಠಿಣ ಅಭ್ಯಾಸ ತೊಡಗಿದ ಕೆಲವು ವಾರಗಳಲ್ಲಿ ಆಟಗಾರನಿಗೆ ಉಸಿರು ಕೂಡಿಬಂದಿರುತ್ತದೆ, ಸ್ನಾಯು ಹುರಿಗೊಂಡಿರುತ್ತದೆ, ಉತ್ಸಾಹ ತುಂಬಿರುತ್ತದೆ. ಅದೇ ಹೊತ್ತಿಗೆ ಆತನ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಕೊರೆದ ಕುಳಿಗಳು ತುಂಬುವ ಮೊದಲೇ ಹೊರೆ ಇಮ್ಮಡಿಯಾದರೆ ಬಿರುಕು ತಪ್ಪಿದ್ದಲ್ಲ.

ಈ ಬಿರುಕಿಗೆ ಕ್ರಿಕೆಟ್ಟಿನ ವೇಗದ ಬೌಲರನಷ್ಟು ಸುಲಭವಾಗಿ ಸಿಕ್ಕುವವರು ಕಡಿಮೆ. ಚೆಂಡು ಬಿಡುವ ಗಳಿಗೆಯಲ್ಲಿ ಆತನ ಮುಂದಿನ ಪಾದ ನೆಲಕ್ಕೆ ಅಪ್ಪಳಿಸುವ ಬಲ ದೇಹದ ತೂಕದ ಐದಾರು ಪಟ್ಟು. ಎಪ್ಪತ್ತು ಕಿಲೋ ತೂಕದವನಾದರೆ ನಾನೂರು ಕಿಲೋ ಎನ್ನಿ. ಅದೇ ಗಳಿಗೆಯಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ಓರೆಯಾಗಿ, ತಿರುಚಿಕೊಳ್ಳುತ್ತದೆ. ಟೆಸ್ಟ್ ಪಂದ್ಯದ ಒಂದು ದಿನದಲ್ಲಿ 20 ಓವರು ಎಸೆದರೆ ಇದು 120 ಸಲ. ಬೆನ್ನೆಲುಬಿನ ಕೆಳಗಿನ ಮಣಿಗಳ ಹಿಂಭಾಗದಲ್ಲಿ ಒಂದು ಸಪೂರವಾದ ಸೇತುವೆಯಿದೆ. ಈ ಬಲವೆಲ್ಲ ಹೋಗಿ ನಾಟುವುದು ಅಲ್ಲಿಗೆ. ಬಲಗೈ ಬೌಲರನಿಗೆ ಸಾಮಾನ್ಯವಾಗಿ ಎಡಗಡೆ ಬಿರಿಯುತ್ತದೆ, ಎಡಗೈಯವನಿಗೆ ಬಲಗಡೆ. ಬೆನ್ನಿನ ಈ ಭಾಗ ಪೂರ್ತಿ ಬಲಿಯುವುದಕ್ಕೆ ಇಪ್ಪತ್ತೈದರ ಹತ್ತಿರದ ವಯಸ್ಸಾಗಬೇಕು. ಆಯ್ಕೆದಾರರ ಕಣ್ಣಿಗೆ ವೇಗದ ಹುಡುಗರು ಬೀಳುವುದಾದರೋ ಹದಿನೆಂಟು, ಹತ್ತೊಂಬತ್ತರಲ್ಲಿ.

ಆಸ್ಟ್ರೇಲಿಯದ ಡೆನಿಸ್ ಲಿಲ್ಲಿಯ ಕಥೆ ಇಲ್ಲಿ ಹೇಳಲೇಬೇಕಾದದ್ದು. 1973ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಆತನ ಬೆನ್ನು ಕೈಕೊಟ್ಟಿತು. ಪರೀಕ್ಷಿಸಿದಾಗ ಬೆನ್ನಿನ ಮಣಿಗಳಲ್ಲಿ ಬಿರುಕುಗಳು ಕಂಡವು. ಆಗಿನ ಕಾಲದಲ್ಲಿ ಇದು ವೇಗದ ಬೌಲರನ ಮಟ್ಟಿಗೆ ಮರಣಶಾಸನದಂತೆಯೇ ಇತ್ತು. ಆರು ವಾರ ಮೈಗೆ ಪ್ಲಾಸ್ಟರ್ ಕವಚ ತೊಡಿಸಿದರು. ಆಮೇಲೆ ಪರ್ತ್ ನಗರದ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಪೈಕ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ, ಹೊಟ್ಟೆ, ಬೆನ್ನು, ಕಾಲುಗಳ ಸ್ನಾಯುಗಳನ್ನು ಅಳೆದು ಅಳೆದು ಬಲಪಡಿಸುವ ಕ್ರಮ ನಡೆಯಿತು. ಲಿಲ್ಲಿ ಮತ್ತೆ ಟೆಸ್ಟ್ ಆಡಿದ್ದು 1974ರ ಕೊನೆಗೆ, ಒಂದೂವರೆ ವರ್ಷಕ್ಕೂ ಮಿಕ್ಕ ಅವಧಿಯ ಬಳಿಕ. ಆ ಸರಣಿಯಲ್ಲಿ ಇಂಗ್ಲೆಂಡಿನ ವಿರುದ್ಧ 25 ವಿಕೆಟ್; 1984ರಲ್ಲಿ ಆಟ ಬಿಡುವ ವೇಳೆಗೆ 355. ಇವುಗಳಲ್ಲಿ ಬಹುಪಾಲು ಬೆನ್ನು ಬಿರಿದ ಮೇಲೆ ದೊರೆತವು. ಬೆನ್ನನ್ನು ಉಳಿಸುವುದಕ್ಕಾಗಿ ಎಸೆತದ ಶೈಲಿಯನ್ನೇ ತಿದ್ದಿಕೊಂಡಿದ್ದ ಆತ, 1987ರಲ್ಲಿ ಮದರಾಸಿನಲ್ಲಿ ಎಂಆರ್‌ಎಫ್ ಸಂಸ್ಥೆಯ ವೇಗದ ಬೌಲಿಂಗ್ ಶಾಲೆ ತೆರೆದಾಗ ಅದರ ಗುರುವಾಗಿ ಬಂದ. ನಮ್ಮ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಇಬ್ಬರೂ ಆ ಶಾಲೆಯಲ್ಲಿ ಕಲಿತವರು. ಸೊಂಟ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ತಿರುಗುವ ಮಿಶ್ರ ಶೈಲಿ ಬೆನ್ನಿಗೆ ಮಾರಕವೆಂದು ಪರ್ತ್ ನಗರದ ಸಂಶೋಧಕರೇ ಮುಂದೆ ಅಂಕಿ ಅಂಶಗಳಿಂದ ತೋರಿಸಿಕೊಟ್ಟರು.

ದಣಿವಿನ ಬಿರುಕಿಗೆ ಹೊರೆಯೊಂದೇ ಕಾರಣವಲ್ಲ ಎಂಬುದನ್ನೂ ಸೇರಿಸಬೇಕು. ದೂರದ ಓಟಗಾರ್ತಿಯರು, ಜಿಮ್ನಾಸ್ಟಿಕ್ ಪಟುಗಳು ತೂಕ ಇಳಿಸುವ ಹಟದಲ್ಲಿ ಅರೆಹೊಟ್ಟೆ ಉಂಡಾಗ ದೇಹ ಮೊದಲು ಖರ್ಚು ಕಡಿತ ಮಾಡುವುದು ಸಂತಾನಕ್ಕೂ ಮೂಳೆಗೂ ಸಂಬಂಧಪಟ್ಟ ಬಾಬ್ತುಗಳಲ್ಲಿ. ಮುಟ್ಟು ನಿಲ್ಲುತ್ತದೆ, ಅದರ ಹಿಂದೆಯೇ ಮೂಳೆ ಸೊರಗುತ್ತದೆ. ಎಷ್ಟೋ ತರಬೇತುದಾರರು ಮುಟ್ಟು ನಿಂತುದನ್ನು ಕಠಿಣ ಸಾಧನೆಯ ಗುರುತೆಂದು ಎಣಿಸುತ್ತಿದ್ದ ಕಾಲವಿತ್ತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಯನ್ನು ಒಂದು ರೋಗಸ್ಥಿತಿಯೆಂದೇ ಹೆಸರಿಟ್ಟು ಘೋಷಿಸಿತು. ಇಂಥವರ ಮೂಳೆಗೆ ಪ್ಲಾಸ್ಟರಿಗಿಂತ ಮೊದಲು ಬೇಕಾದದ್ದು ಹೊಟ್ಟೆತುಂಬ ಊಟ.

ಇನ್ನು ನಮ್ಮ ಮೆಚ್ಚುಗೆಯ ವಿಷಯ. ಮುರಿದ ಮೂಳೆಯೊಡನೆ ಆಡಿದವರನ್ನು ನಾವು ಹಾಡಿ ಹೊಗಳುತ್ತೇವೆ. ಹೊಗಳಬಾರದೆಂದಲ್ಲ, ಆದರೆ ಹೊಗಳುವಾಗ ವಿವೇಚನೆ ಇರಲಿ. 1963ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ವೆಸ್ ಹಾಲ್‌ರ ಚೆಂಡಿನಿಂದ ಎಡಗೈ ಮುರಿದಿದ್ದ ಕಾಲಿನ್ ಕೌಡ್ರಿ, ಕೇವಲ ಎರಡು ಎಸೆತ ಉಳಿದಿದ್ದಾಗ ಕೈಗೆ ಪ್ಲಾಸ್ಟರ್ ಕಟ್ಟಿಕೊಂಡು ಬಂದು ಎದುರು ತುದಿಯಲ್ಲಿ ನಿಂತರು. ಪಂದ್ಯ ಉಳಿಯಿತು, ಅವರು ಒಂದು ಚೆಂಡನ್ನೂ ಎದುರಿಸಬೇಕಾಗಲಿಲ್ಲ. 1984ರಲ್ಲಿ ಹೆಡಿಂಗ್ಲೆಯಲ್ಲಿ ಮಾಲ್ಕಂ ಮಾರ್ಷಲ್ ಎಡ ಹೆಬ್ಬೆರಳು ಮುರಿದುಕೊಂಡು ಒಂದೇ ಕೈಯಲ್ಲಿ ದಾಂಡು ಬೀಸಿದರು, ಬಲಗೈಯಿಂದ ಚೆಂಡೆಸೆದು 53 ಓಟಗಳಿಗೆ 7 ವಿಕೆಟ್ ಕಿತ್ತರು. ಇವೆರಡರಲ್ಲಿಯೂ ಧೈರ್ಯದ ಜೊತೆಗೆ ಲೆಕ್ಕಾಚಾರವಿತ್ತು. ಮುರಿದ ಮೂಳೆಯ ಮೇಲೆ ಆಟದ ಹೊರೆ ಹೆಚ್ಚು ಬೀಳುತ್ತಿರಲಿಲ್ಲ. ಕುಂಬ್ಳೆಯವರದೂ ಹಾಗೆಯೇ: ಚೆಂಡೆಸೆಯುವುದು ದವಡೆಯಿಂದಲ್ಲ. 1956ರ ಇಂಗ್ಲೆಂಡಿನ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರಾಟ್‌ಮನ್ ಎದುರಾಳಿಗೆ ಡಿಕ್ಕಿ ಹೊಡೆದು, ಕುತ್ತಿಗೆಯ ನೋವಿನಲ್ಲಿಯೇ ಕೊನೆಯ 17 ನಿಮಿಷ ಗೋಲು ಕಾದದ್ದು ಮಾತ್ರ ಬೇರೆಯ ಮಾತು. ಕೆಲವು ದಿನಗಳ ಬಳಿಕ ಕ್ಷ-ಕಿರಣ ಚಿತ್ರ ತೆಗೆದಾಗ ಕತ್ತಿನ ಎರಡನೆಯ ಮಣಿ ಸೀಳಿಹೋಗಿತ್ತು. ಮೂರನೆಯ ಮಣಿ ಬೆಣೆಯಂತೆ ಸಿಕ್ಕಿಕೊಂಡು ಪ್ರಾಣ ಉಳಿಸಿತ್ತು. ಟ್ರಾಟ್‌ಮನ್‌ಗೆ ತನ್ನ ಕುತ್ತಿಗೆ ಮುರಿದಿರುವುದು ಗೊತ್ತೇ ಇರಲಿಲ್ಲ. ಅದನ್ನು ಶೌರ್ಯವೆನ್ನುವುದಕ್ಕಿಂತ ಅದೃಷ್ಟವೆನ್ನುವುದು ಸತ್ಯಕ್ಕೆ ಹತ್ತಿರ.

ಇಂಥ ಕಥೆಗಳನ್ನು ಕೇಳಿ ಬೆಳೆದ ಹುಡುಗ ತನಗೆ ಬೆನ್ನು ನೋಯುವಾಗ ಏನು ಮಾಡುತ್ತಾನೆ? ಬಚ್ಚಿಡುತ್ತಾನೆ. ದಣಿವಿನ ಬಿರುಕು ಮೊದಮೊದಲು ಸ್ನಾಯು ಹಿಡಿದಂತೆ ಅನ್ನಿಸುತ್ತದೆ. ವಿಶ್ರಾಂತಿ ಪಡೆದರೆ ಮಾಯವಾಗುತ್ತದೆ, ಎಸೆದರೆ ಮರಳುತ್ತದೆ. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಆ ಹಂತದಲ್ಲಿ ಏನೂ ಕಾಣದಿರಬಹುದು. ಎಂಆರ್‌ಐ ಪರೀಕ್ಷೆಯಲ್ಲಾದರೆ ಬಿರುಕು ಮೂಡುವ ಮೊದಲೇ ಮೂಳೆಯೊಳಗಿನ ಊತ ಕಾಣುತ್ತದೆ, ಆಗ ಕೆಲವು ವಾರಗಳ ಬಿಡುವಿನಲ್ಲಿಯೇ ಪಾರಾಗಬಹುದು. ದೊಡ್ಡ ತಂಡಗಳ ಬೌಲರುಗಳಿಗೆ ಈ ಸೌಲಭ್ಯವುಂಟು. ತಾಲ್ಲೂಕು ಕೇಂದ್ರದ ಕ್ಲಬ್ಬಿನ ಹುಡುಗನಿಗೆ ಇರುವುದು ನೋವಿನ ಎಣ್ಣೆ, ನೋವಿನ ಮಾತ್ರೆ, ಮುಂದಿನ ಭಾನುವಾರದ ಆಯ್ಕೆ ಪಂದ್ಯ. ಬೆನ್ನು ನೋವೆಂದರೆ ತಂಡದಲ್ಲಿ ತನ್ನ ಜಾಗ ಇನ್ನೊಬ್ಬನಿಗೆ ಹೋದೀತೆಂಬ ಭಯ ಸುಳ್ಳಲ್ಲ, ಹೋಗುತ್ತದೆ. ಸೇತುವೆ ಪೂರ್ತಿ ಮುರಿದು ಎರಡು ತುಂಡುಗಳೂ ಕೂಡಿಕೊಳ್ಳದೆ ಉಳಿದರೆ, ಜಾಗ ಹೋಗುವುದು ಒಂದು ಋತುವಿನ ಮಟ್ಟಿಗಲ್ಲ.

ಮೂಳೆ ಕೂಡಿದ ಮೇಲೂ ಮನಸ್ಸು ಕೂಡಬೇಕಾಗುತ್ತದೆ. ಹಾವು ಕಚ್ಚಿದವನು ಹಗ್ಗಕ್ಕೂ ಹೆದರುತ್ತಾನೆಂಬ ಮಾತಿದೆಯಷ್ಟೆ. ಮುರಿದ ಕಾಲನ್ನು ಮೊದಲ ಸಲ ಬಲವಾಗಿ ಊರುವಾಗ ಆಟಗಾರನ ಹೆಜ್ಜೆ ತನಗರಿವಿಲ್ಲದೆ ತಡೆಯುತ್ತದೆ. ಆ ತಡೆಯೇ ಓಟದ ಲಯ ಕೆಡಿಸಿ ಇನ್ನೊಂದು ಕಾಲಿನ ಮೇಲೆ ಹೊರೆ ಹಾಕುತ್ತದೆ. ಈ ಧೈರ್ಯದ ಮಾತು ಬಂದಾಗ ನನಗೆ ನೆನಪಾಗುವುದು ನರಿ ಕಾಂಟ್ರಾಕ್ಟರ್. 1959ರಲ್ಲಿ ಲಾರ್ಡ್ಸ್‌ನಲ್ಲಿ ಸ್ಟೇಥಮ್‌ರ ಎಸೆತದಿಂದ ಪಕ್ಕೆಲುಬು ಮುರಿದರೂ 81 ಓಟ ಗಳಿಸಿದ್ದ ಈ ಗಟ್ಟಿಗರು, 1962ರ ಮಾರ್ಚ್ ತಿಂಗಳಿನಲ್ಲಿ ಭಾರತದ ನಾಯಕರಾಗಿ ಬಾರ್ಬಡೋಸಿನಲ್ಲಿ ಆಡುತ್ತಿದ್ದಾಗ ಚಾರ್ಲಿ ಗ್ರಿಫಿತ್‌ರ ಚೆಂಡು ತಲೆಬುರುಡೆಯನ್ನು ಒಡೆಯಿತು. ಆಗ ಹೆಲ್ಮೆಟ್ ಇರಲಿಲ್ಲ. ತುರ್ತು ಶಸ್ತ್ರಚಿಕಿತ್ಸೆಯಾಯಿತು, ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಕಾಂಟ್ರಾಕ್ಟರ್ ಬದುಕಿದರು, ಒಂದು ವರ್ಷದೊಳಗೆ ಪ್ರಥಮ ದರ್ಜೆಯ ಪಂದ್ಯಗಳಿಗೂ ಮರಳಿದರು. ಆದರೆ ಟೆಸ್ಟ್ ಆಡಲು ಅವರನ್ನು ಮತ್ತೆ ಕರೆಯಲಿಲ್ಲ. ತಲೆಯಲ್ಲಿ ಕೂಡಿಸಿದ್ದ ಲೋಹದ ತಗಡನ್ನು ಹೊರತೆಗೆದದ್ದು 2022ರಲ್ಲಿ, ಅವರಿಗೆ 88 ವರ್ಷವಾಗಿದ್ದಾಗ. ಇಲ್ಲಿ ಆಟಗಾರನ ಎದೆ ಗಟ್ಟಿಯಿತ್ತು, ಹೆದರಿದವರು ನೋಡುತ್ತಿದ್ದವರು ಎಂದು ನನ್ನ ಅನಿಸಿಕೆ.

ಇಂದಿನ ಕಾಲದಲ್ಲಿ ಮರಳುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ. ಬೆನ್ನು ಬಿರಿದ ಬೌಲರನಿಗೆ ಮೊದಲು ಕೇವಲ ನಡಿಗೆ. ಆಮೇಲೆ ಈಜು, ನಿಧಾನದ ಓಟ, ಭಾರ ಎತ್ತುವುದು. ಚೆಂಡು ಕೈಗೆ ಬರುವುದಕ್ಕೇ ತಿಂಗಳುಗಳಾಗುತ್ತವೆ. ಬಂದಾಗಲೂ ನಿಂತಲ್ಲಿಂದಲೇ ಎಸೆತ, ಮುಂದೆ ಎರಡು ಹೆಜ್ಜೆಯಿಂದ, ಮುಂದೆ ಅರ್ಧ ಓಟದಿಂದ. ಪ್ರತಿದಿನದ ಎಸೆತಗಳನ್ನು ಅಂಗಡಿಯ ದಿನಚರಿ ಲೆಕ್ಕದಂತೆ ಬರೆದಿಡುತ್ತಾರೆ. ಈ ವಾರದ ಮೊತ್ತ ಹಿಂದಿನ ವಾರಗಳ ಸರಾಸರಿಗಿಂತ ಹಠಾತ್ತಾಗಿ ಏರಕೂಡದು. ಭಾರತ ಕ್ರಿಕೆಟ್ ಮಂಡಳಿ 2000ದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಆಟ ಕಲಿಸುವ ಶಾಲೆಯಾಗಿ ಮೊದಲಾಗಿ, ಕ್ರಮೇಣ ಇಂಥ ಗಾಯಾಳುಗಳು ಚೇತರಿಸಿಕೊಳ್ಳುವ ತಾಣವೂ ಆಯಿತು.

ಜಸ್‌ಪ್ರೀತ್ ಬೂಮ್ರಾ ಅಲ್ಲಿ ಕಳೆದ ದಿನಗಳು ಕಡಿಮೆಯಲ್ಲ. 2019ರಲ್ಲಿ ಅವರ ಕೆಳಬೆನ್ನಿನಲ್ಲಿ ಬಿರುಕು ಕಂಡಿತ್ತು. 2022ರಲ್ಲಿ ಬೆನ್ನು ಮತ್ತೆ ಕಾಡಿತು, ವಿಶ್ವಕಪ್ ಹತ್ತಿರದಲ್ಲಿತ್ತು. ಸೆಪ್ಟೆಂಬರ್ ಕೊನೆಗೆ ಮರಳಿ ಬಂದು ಆಸ್ಟ್ರೇಲಿಯದ ವಿರುದ್ಧ ಎರಡು ಪಂದ್ಯ ಆಡಿದರು, ಅಕ್ಟೋಬರ್ ಮೊದಲ ವಾರದಲ್ಲಿ ವಿಶ್ವಕಪ್ ತಂಡದಿಂದ ಹೊರಬಿದ್ದರು. 2023ರ ಜನವರಿಯಲ್ಲಿ ತಂಡಕ್ಕೆ ಹೆಸರು ಸೇರಿಸಿ, ಆಡುವ ಮೊದಲೇ ತೆಗೆದರು. ಮಾರ್ಚ್ ತಿಂಗಳಿನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆ. ಅದೇ ವರ್ಷ ಬೆಂಗಳೂರಿನವರೇ ಆದ ಪ್ರಸಿದ್ಧ್ ಕೃಷ್ಣ ಕೂಡ ಬೆನ್ನಿನ ದಣಿವಿನ ಬಿರುಕಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಇಬ್ಬರೂ ಅಕಾಡೆಮಿಯಲ್ಲಿ ಮೆಟ್ಟಿಲು ಹತ್ತಿದರು. ಈ ಸಲ ಅವಸರ ಮಾಡಲಿಲ್ಲ. ಆಗಸ್ಟ್ 18ರಂದು ಡಬ್ಲಿನ್ ಬಳಿಯ ಮಲಾಹೈಡ್‌ನಲ್ಲಿ ಐರ್ಲೆಂಡಿನ ವಿರುದ್ಧ ಇಬ್ಬರೂ ಒಂದೇ ಪಂದ್ಯದಲ್ಲಿ ಮರಳಿದರು. ನಾಯಕರಾಗಿದ್ದ ಬೂಮ್ರಾ ಮೊದಲ ಓವರಿನಲ್ಲಿಯೇ ಎರಡು ವಿಕೆಟ್ ತೆಗೆದರು. ಅದು ಇಪ್ಪತ್ತು ಓವರುಗಳ ಪಂದ್ಯ, ಬೌಲರನ ಪಾಲಿಗೆ ಹೆಚ್ಚೆಂದರೆ 24 ಎಸೆತ. ಅಕ್ಟೋಬರ್, ನವೆಂಬರಿನ ವಿಶ್ವಕಪ್ಪಿನಲ್ಲಿ ಅದು ಪಂದ್ಯಕ್ಕೆ 60 ಎಸೆತದವರೆಗೆ ಏರಿತು. ಎಣಿಕೆಯ ಮಿತಿಯಿಲ್ಲದ ಐದು ದಿನಗಳ ಪಂದ್ಯಕ್ಕೆ ಬೂಮ್ರಾ ಮರಳಿದ್ದು ಡಿಸೆಂಬರ್ 26ರಂದು, ದಕ್ಷಿಣ ಆಫ್ರಿಕದ ಸೆಂಚೂರಿಯನ್ನಿನಲ್ಲಿ. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳು ಮೀರಿತ್ತು. ಪ್ರಸಿದ್ಧ್ ಕೃಷ್ಣ ಅವರಿಗೆ ಅದು ಮೊದಲನೆಯ ಟೆಸ್ಟ್. ಭಾರತ ಆ ಪಂದ್ಯವನ್ನು ಮೂರೇ ದಿನಗಳಲ್ಲಿ ಸೋತಿತು. ಇಬ್ಬರ ಬೆನ್ನೂ ನೆಟ್ಟಗಿತ್ತು.